ರೆಫರಿಯ ಕಣ್ಣನ್ನು ಹೊತ್ತೊಯ್ಯುವ ಕಾಲು

ಫುಟ್‌ಬಾಲ್ ರೆಫರಿ ಪರೀಕ್ಷೆಗೆ ಕೂರುವ ನಾವೆಲ್ಲ ನಿಯಮಗಳನ್ನು ಬಾಯಿಪಾಠ ಮಾಡುತ್ತೇವೆ. ಓಟವನ್ನು ಮಾತ್ರ ಪಾಸಾಗೋಕೆ ಮಾಡುವ ಕಸರತ್ತು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಫೌಲ್ ಕಾಣಬೇಕಾದರೆ ಕಣ್ಣು ಸರಿಯಾದ ಜಾಗದಲ್ಲಿರಬೇಕು. ಅಲ್ಲಿಗೆ ಕಣ್ಣನ್ನು ಹೊತ್ತೊಯ್ಯುವುದು ಕಾಲೇ ಅಲ್ವಾ?

ಮೊದಲು ಲೆಕ್ಕ ನೋಡೋಣ. ದೊಡ್ಡ ಮಟ್ಟದ ಪಂದ್ಯದಲ್ಲಿ ರೆಫರಿ 10ರಿಂದ 12 ಕಿಲೋಮೀಟರ್ ಓಡಾಡುತ್ತಾರೆ. ಎದೆಬಡಿತ ಸರಾಸರಿ ಗರಿಷ್ಠದ ಶೇ. 85ರ ಆಸುಪಾಸಿನಲ್ಲಿರುತ್ತದೆ. ವಯಸ್ಸಿನಲ್ಲಿ ಹೆಚ್ಚಿನ ರೆಫರಿಗಳು ಆಟಗಾರರಿಗಿಂತ ದೊಡ್ಡವರು. ಸುಸ್ತಾಯಿತು ಅಂತ ಬದಲಿ ಕೇಳುವ ಹಾಗಿಲ್ಲ. 2000ದ ಯೂರೋ ಕಪ್‌ನಲ್ಲಿ ಒಂದು ಪಂದ್ಯಕ್ಕೆ ಸರಾಸರಿ 137 ತೀರ್ಪುಗಳು ಲೆಕ್ಕಕ್ಕೆ ಸಿಕ್ಕವು. ಅಂದರೆ ಎರಡು ನಿಮಿಷಕ್ಕೆ ಮೂರು, ಅದೂ ಏದುಸಿರು ಬಿಡುತ್ತಾ.

ಸುಸ್ತು ಮೊದಲು ಕೆಡಿಸುವುದು ನಿಲ್ಲುವ ಜಾಗವನ್ನು. 80ನೇ ನಿಮಿಷ ಅಂದುಕೊಳ್ಳಿ. ಕಾರ್ನರ್ ಕಿಕ್ ತಡೆದ ತಂಡ ಒಂದೇ ಉದ್ದ ಪಾಸಿನಲ್ಲಿ ಎದುರಿನ ಗೋಲಿನ ಮುಂದಿನ ಬಾಕ್ಸ್‌ಗೆ ನುಗ್ಗುತ್ತದೆ. ರೆಫರಿ 70 ಮೀಟರ್ ಓಡಬೇಕು. ಕಾಲು ಬರದಿದ್ದರೆ ಸೆಂಟರ್ ಸರ್ಕಲ್ ದಾಟುವಷ್ಟರಲ್ಲಿ ಬಾಕ್ಸ್‌ನಲ್ಲಿ ಟ್ಯಾಕಲ್ ಆಗಿಹೋಗಿರುತ್ತದೆ. ನೇರ ಹಿಂದಿನಿಂದ ನೋಡಿದರೆ ಕಾಣುವುದು ಎರಡು ಬೆನ್ನು. ಡಿಫೆಂಡರ್‌ನ ಪಾದ ಚೆಂಡಿಗೆ ತಗುಲಿತೋ ಮೊಣಕಾಲಿನ ಕೆಳಗೋ, ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಇಬ್ಬರ ನಡುವಿನ ಸಂದು ತೆರೆದುಕೊಳ್ಳುತ್ತಿತ್ತು. ಮೈದಾನದಲ್ಲಿ ಓರೆಯಾಗಿ ಓಡಬೇಕು ಅಂತ ನಮಗೆ ಕಲಿಸುವುದು ಇದಕ್ಕೇ. ಹತ್ತಿರ ಹೋಗುವುದಕ್ಕಿಂತ ಈ ಕೋನ ಮುಖ್ಯ ಅನ್ನೋದು ನನ್ನ ಅಭಿಪ್ರಾಯ.

ಮೈದಾನದ ಅಂಚಿನಲ್ಲಿ ಬಾವುಟ ಹಿಡಿದು ಓಡುವ ಅಸಿಸ್ಟೆಂಟ್ ರೆಫರಿಯ ಕಥೆಯೂ ಇದೇ. ಆಫ್‌ಸೈಡ್ ಗೆರೆಗಿಂತ, ಅಂದರೆ ಕೊನೆಯಿಂದ ಎರಡನೇ ಡಿಫೆಂಡರ್‌ನ ಸಾಲಿಗಿಂತ, ಒಂದು ಮೀಟರ್ ಹಿಂದುಳಿದರೆ ನೋಟ ಓರೆಯಾಗುತ್ತದೆ. ಆಗ ಡಿಫೆಂಡರ್‌ಗೆ ಸಮನಾಗಿ ನಿಂತ ಎದುರಾಳಿಯೇ, ಅಸಿಸ್ಟೆಂಟ್‌ಗೆ ಹತ್ತಿರದಲ್ಲಿದ್ದರೆ, ಮುಂದೆ ಹೋದವನಂತೆ ಕಾಣುತ್ತಾನೆ.

2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ನ ಫೌಲ್ ತೀರ್ಪುಗಳನ್ನು ವಿಡಿಯೋ ಇಟ್ಟುಕೊಂಡು ಪರಿಶೀಲಿಸಿದ್ದರು. ಒಟ್ಟಾರೆ ತಪ್ಪು ಸುಮಾರು ಶೇ. 14. ಕೊನೆಯ 15 ನಿಮಿಷದಲ್ಲಿ ಸುಮಾರು ಶೇ. 23. ಪೂರ್ತಿ ಸುಸ್ತಿನ ಮೇಲೇ ಹೊರಿಸಬೇಡಿ, ಆ ಹೊತ್ತಿಗೆ ಆಟದ ಬಿಸಿಯೂ ಜಾಸ್ತಿ ಇರುತ್ತದೆ.

ಇನ್ನು ತಲೆಯ ವಿಷಯ. ಫಿಫಾ ಪರೀಕ್ಷೆಯಲ್ಲಿ ಪುರುಷ ರೆಫರಿಗಳು ಮೊದಲು 40 ಮೀಟರನ್ನು 6 ಸೆಕೆಂಡಿನೊಳಗೆ ಆರು ಸಲ ಓಡಬೇಕು. ಆಮೇಲೆ 15 ಸೆಕೆಂಡಿನಲ್ಲಿ 75 ಮೀಟರ್ ಓಟ, 18 ಸೆಕೆಂಡಿನಲ್ಲಿ 25 ಮೀಟರ್ ನಡಿಗೆ, ಹೀಗೆ 40 ಸಲ. ಈ ಎರಡನೆಯದನ್ನು ಅಭ್ಯಾಸ ಮಾಡುವಾಗ ಗೆಳೆಯನಿಗೆ ಒಂದು ಕೆಲಸ ಕೊಟ್ಟೆ. ಪ್ರತಿ ಓಟದ ಕೊನೆಗೆ ಅವನು ಒಂದು ರಟ್ಟು ಎತ್ತಿ ತಕ್ಷಣ ಇಳಿಸಬೇಕು. ಅದರಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಒಂದು ಸಂಖ್ಯೆ. ನಡೆಯುತ್ತಾ ನಾನು ಎರಡನ್ನೂ ಹೇಳಬೇಕು. ಮೊದಲ 20 ಸುತ್ತು ಸಲೀಸು. 28ನೇ ಸುತ್ತಿನಲ್ಲಿ ‘ಆರು’ ಅಂದೆ, ಬಣ್ಣ ಹೊಳೆಯಲೇ ಇಲ್ಲ. ಆಮೇಲೆ ಮೂರು ಸಲ ಹಾಗೇ ಆಯಿತು. ಸಂಖ್ಯೆ ಉಳಿಯಿತು, ಬಣ್ಣ ಹೋಯಿತು.

ಆಗ ನೆನಪಾಗಿದ್ದು 2006ರ ಜೂನ್ 22. ಸ್ಟುಟ್‌ಗಾರ್ಟ್‌ನಲ್ಲಿ ಕ್ರೊಯೇಷಿಯಾ–ಆಸ್ಟ್ರೇಲಿಯಾ ವಿಶ್ವಕಪ್ ಪಂದ್ಯ. ರೆಫರಿ ಇಂಗ್ಲೆಂಡಿನ ಗ್ರಹಾಂ ಪೋಲ್. ಕ್ರೊಯೇಷಿಯಾದ 3ನೇ ನಂಬರಿನ ಯೊಸಿಪ್ ಶಿಮುನಿಚ್‌ಗೆ 61ನೇ ನಿಮಿಷದಲ್ಲಿ ಒಂದು ಹಳದಿ ಕಾರ್ಡ್, 90ನೇ ನಿಮಿಷದಲ್ಲಿ ಇನ್ನೊಂದು. ಎರಡಾದರೆ ಹೊರಗೆ. ಆದರೂ ಅವರು ಮೈದಾನದಲ್ಲೇ ಉಳಿದರು. ಕೆಂಪು ಕಾರ್ಡ್ ಬಂದಿದ್ದು ಮೂರನೇ ಹಳದಿ ತೋರಿಸಿದ ಮೇಲೆ. ಮೊದಲೆರಡರಲ್ಲಿ ಒಂದನ್ನು ಪೋಲ್ ಆಸ್ಟ್ರೇಲಿಯಾದ 3ನೇ ನಂಬರಿನ ಎದುರು ಬರೆದುಕೊಂಡಿದ್ದರು. ಸುಸ್ತೇ ಕಾರಣ ಅಂತ ನಾನು ಹೇಳುವುದಿಲ್ಲ. ಶಿಮುನಿಚ್ ಹುಟ್ಟಿದ್ದು ಕ್ಯಾನ್‌ಬೆರಾದಲ್ಲಿ, ಮಾತಾಡುವ ಧಾಟಿಯೂ ಆಸ್ಟ್ರೇಲಿಯಾದ್ದೇ. ಆದರೂ ನನ್ನ ರಟ್ಟಿನ ತಪ್ಪಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಈಗ ಓಟ ನಿಲ್ಲಿಸಿದ ಕೂಡಲೇ ಮೊದಲು ಬಣ್ಣವನ್ನು ಬಾಯಿಬಿಟ್ಟು ಹೇಳುತ್ತೇನೆ, ಆಮೇಲೆ ಸಂಖ್ಯೆ. ಹೋದ ವಾರ 35ನೇ ಸುತ್ತಿನವರೆಗೂ ತಪ್ಪಿಲ್ಲದೆ ಬಂತು.