ಅಪ್‌ಡೇಟ್ ಆದಮೇಲೆ ಏಳದ ಕಂಪ್ಯೂಟರ್

ಮಲೆನಾಡಿನ ಜುಲೈನಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯ್ತು. ಇಂಥ ಹೊತ್ತಲ್ಲೇ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆ. 'ಆಫ್ ಮಾಡಬೇಡಿ' ಅಂತ ಪರದೆ ಹೇಳುತ್ತಿರುತ್ತದೆ, ಇತ್ತ ಯುಪಿಎಸ್ ಕೀಂ ಕೀಂ ಅನ್ನುತ್ತಿರುತ್ತದೆ. ಮರುದಿನ ಬಟನ್ ಒತ್ತಿದರೆ ಕಪ್ಪು ಪರದೆ. ಆಮೇಲೆ ಸಿಪಿಯು ಡಬ್ಬವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಕೂಟರಿನ ಮೇಲಿಟ್ಟು ತೀರ್ಥಹಳ್ಳಿಗೋ ಸಾಗರಕ್ಕೋ ಹೊರಡುವುದು. ಅಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಹೊಡೀಬೇಕು ಸಾರ್."

ಅಂದರೆ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವುದು. ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪತ್ರಗಳು, ಅಡಿಕೆ ಲೆಕ್ಕ, ಮದುವೆ ಫೋಟೊ ಎಲ್ಲವೂ ಹೆಚ್ಚಿನ ಸಲ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಕೆಟ್ಟಿರುವುದು ಏಳುವ ದಾರಿಯ ಒಂದು ತುಂಡು ಮಾತ್ರ.

ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಎಂಬ ಪ್ರೋಗ್ರಾಂ. ಹಳೆಯ ಯಂತ್ರಗಳಲ್ಲಿ ಇದು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ರ‍್ಯಾಮ್ ಇದೆಯಾ, ಡಿಸ್ಕ್ ಇದೆಯಾ ಅಂತ ನೋಡಿಕೊಂಡು ಅದು ಡಿಸ್ಕಿನ ಒಂದು ಮೂಲೆಯಲ್ಲಿರುವ ಬೂಟ್ ಲೋಡರ್‌ಗೆ ಕೆಲಸ ಒಪ್ಪಿಸುತ್ತದೆ. ಬೂಟ್ ಲೋಡರ್ ವಿಂಡೋಸಿನಂಥ ಸಿಸ್ಟಂನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ, ಕರ್ನಲ್ ಪರದೆ, ಡಿಸ್ಕುಗಳಂಥ ಭಾಗಗಳನ್ನು ನಡೆಸುವ ಡ್ರೈವರ್‌ಗಳನ್ನು. ಲಾಗಿನ್ ಪರದೆ ಬರುವುದು ಎಲ್ಲಕ್ಕಿಂತ ಕೊನೆಗೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಮನೆಗೆ ನೀರು ತರುವವರಿಗೆ ಈ ಲೆಕ್ಕ ಗೊತ್ತು. ನೀರು ನಿಂತರೆ ಇಡೀ ಪೈಪನ್ನು ಯಾರೂ ಬದಲಿಸುವುದಿಲ್ಲ. ಎಲ್ಲಿಯವರೆಗೆ ನೀರು ಬಂದಿದೆ ಅಂತ ಜಾಯಿಂಟ್ ಬಿಚ್ಚಿ ನೋಡುತ್ತಾ ಹೋಗುತ್ತಾರೆ.

ಹಾಗಾಗಿ ಮೊದಲ ಪ್ರಶ್ನೆ: ಕಂಪನಿಯ ಲೋಗೊ ಬರುತ್ತದೆಯಾ? ಲೋಗೊ ತೋರಿಸುವುದು ಫರ್ಮ್‌ವೇರ್. ವಿಂಡೋಸಿನ ಮಾಮೂಲಿ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಫ್ಯಾನ್ ತಿರುಗುತ್ತಿದೆ, ಲೋಗೊನೇ ಇಲ್ಲ ಅಂದರೆ ಮಾಮೂಲಿ ಅಪ್‌ಡೇಟನ್ನು ಸುಮ್ನೆ ಬೈಯುತ್ತಿದ್ದೀರಿ. ಅದರ ತಪ್ಪು ರೀಸ್ಟಾರ್ಟ್ ಮಾಡಿಸಿದ್ದು, ಅಷ್ಟೇ. ಎಷ್ಟೋ ಜನ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಏಳುತ್ತಾರೆ. ಯಂತ್ರ ಮಲಗುತ್ತದೆ, ಆಫ್ ಆಗುವುದಿಲ್ಲ. ವಾರಗಟ್ಟಲೆ ಒಳಗೇ ಇದ್ದ ದೋಷ ರೀಸ್ಟಾರ್ಟ್ ಆದ ದಿನ ಹೊರಗೆ ಬರುತ್ತದೆ.

ನಮ್ಮ ಕಡೆ ಅಂಥ ದೋಷಗಳು ಜಾಸ್ತಿಯೇ. ತೇವ, ಧೂಳು ಸೇರಿ ರ‍್ಯಾಮಿನ ಕಾಲುಗಳಲ್ಲಿ ಸಂಪರ್ಕ ಸಡಿಲವಾಗುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಡೆಸ್ಕ್‌ಟಾಪ್‌ಗಳು ಎದ್ದು ಕೂರುತ್ತವೆ. ಇನ್ನೊಂದು, ಬೋರ್ಡಿನ ಮೇಲೆ ಗುಂಡು ಬಿಲ್ಲೆಯಂತೆ ಕೂತಿರುವ ಸಿಆರ್2032 ಬ್ಯಾಟರಿ. ಪ್ಲಗ್ ಹಾಕಿದ್ದಾಗ ಬೋರ್ಡಿನ ಗಡಿಯಾರ ಮೇನ್ಸಿನ ಕರೆಂಟಿನಲ್ಲೇ ನಡೆಯುತ್ತದೆ. ಸಿಡಿಲಿಗೆ ಹೆದರಿ ನಾವು ಪ್ಲಗ್ ಕಿತ್ತಿಡುತ್ತೇವಲ್ಲ, ಆಗೆಲ್ಲ ಈ 3 ವೋಲ್ಟಿನ ಬಿಲ್ಲೆ ಒಂದೇ ಅದನ್ನು ಸಾಕಬೇಕು. ಅದು ಖಾಲಿಯಾದರೆ ತಾರೀಕು ಹಿಂದಕ್ಕೆ ಹೋಗುತ್ತದೆ, ಕೆಲವು ಬೋರ್ಡ್‌ಗಳಲ್ಲಿ ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದೂ ಮರೆತುಹೋಗುತ್ತದೆ. ಪ್ಲಗ್ ಕೀಳುವುದನ್ನು ಬಿಡಬೇಡಿ ಮತ್ತೆ. ಸಿಡಿಲಿನ ಮುಂದೆ ಬಿಲ್ಲೆ ಬಹಳ ಅಗ್ಗ.

ಲೋಗೊ ಬಂತು, ಆಮೇಲೆ ಕಪ್ಪಾಯಿತು ಅನ್ನಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಸಿಸ್ಟಂ ಬದುಕಿದೆ, ತೊಂದರೆ ಪರದೆಯ ಕಡೆ ಇರಬಹುದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಚುಕ್ಕೆಗಳು ಸುತ್ತುತ್ತಲೇ ಇದ್ದು ಡಿಸ್ಕಿನ ದೀಪ ಮಿನುಗುತ್ತಿದ್ದರೆ ಮುಟ್ಟಲೇಬೇಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ದೊಡ್ಡ ಅಪ್‌ಡೇಟಿಗೆ ಗಂಟೆಗಟ್ಟಲೆ ಹಿಡಿಯುತ್ತದೆ.

ನಿಜಕ್ಕೂ ಅಪ್‌ಡೇಟೇ ಕೆಡಿಸಿದಾಗ ಏನಾಗುತ್ತದೆ ಅನ್ನುವುದನ್ನು ಇಡೀ ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಅಂದು ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 9.39ಕ್ಕೆ, ಒಂದು ಸಣ್ಣ ಫೈಲ್ ಕಳಿಸಿತು. ಅದನ್ನು ಓದುವ ಡ್ರೈವರಿಗೆ ಸಿಗುತ್ತಿದ್ದದ್ದು 20 ಮಾಹಿತಿ, ಹೊಸ ಫೈಲ್ 21ನೆಯದನ್ನೂ ನೋಡು ಅಂದಿತು. ಇಲ್ಲದ ಜಾಗಕ್ಕೆ ಕೈ ಹಾಕಿದ ಡ್ರೈವರ್ ಬಿತ್ತು. ಅದು ಕರ್ನಲ್ಲಿನ ಒಳಗೇ ಕೂತಿದ್ದರಿಂದ ವಿಂಡೋಸನ್ನೂ ಬೀಳಿಸಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿದವು. ಕಂಪನಿ 78 ನಿಮಿಷದಲ್ಲಿ ತಪ್ಪು ತಿದ್ದಿತು, ಆದರೆ ಏಳುವ ಮೊದಲೇ ಬೀಳುವ ಯಂತ್ರಕ್ಕೆ ತಿದ್ದಿದ ಫೈಲ್ ತಲುಪಬೇಕಲ್ಲ! ಲಕ್ಷಾಂತರ ಯಂತ್ರಗಳ ಮುಂದೆ ಒಬ್ಬರು ಹೋಗಿ ಕೂತು, ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಫೈಲನ್ನು ಅಳಿಸಬೇಕಾಯಿತು. ಅಳಿಸಿದ್ದು ಒಂದೇ ಫೈಲ್. ಫಾರ್ಮ್ಯಾಟ್ ಹೊಡೆಯಬೇಕಾಗಿರಲಿಲ್ಲ.

ಆ ದಾರಿ ನಿಮ್ಮ ಯಂತ್ರದಲ್ಲೂ ಇದೆ. ವಿಂಡೋಸ್ ಸತತವಾಗಿ ಎರಡು ಸಲ ಏಳಲಾಗದೆ ಸೋತರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಕೊನೆಯ ಅಪ್‌ಡೇಟ್ ತೆಗೆದರೆ ಫೈಲುಗಳು ಹೋಗುವುದಿಲ್ಲ. ಸೇಫ್ ಮೋಡ್ ಕೂಡ ಅಲ್ಲೇ, ಸ್ಟಾರ್ಟಪ್ ಸೆಟ್ಟಿಂಗ್ಸಿನಲ್ಲಿ. ಅದು ತೀರಾ ಬೇಕಾದ ಡ್ರೈವರ್‌ಗಳನ್ನಷ್ಟೇ ಹಿಡಿದು ಏಳುತ್ತದೆ. ವಿಂಡೋಸಿನ ಬದಲು ಲಿನಕ್ಸ್ ಇಟ್ಟುಕೊಂಡವರ ಪಾಡು ಇನ್ನೂ ಸುಲಭ. ಹಳೆಯ ಕರ್ನಲ್ ಸಾಮಾನ್ಯವಾಗಿ ಅದರ ಬೂಟ್ ಲೋಡರ್ ಆದ ಗ್ರಬ್‌ನ ಮೆನುವಿನಲ್ಲೇ ಕಾದಿರುತ್ತದೆ.

ನಡುವೆ ಕರೆಂಟು ಹೋದರೂ ಮಾಮೂಲಿ ಅಪ್‌ಡೇಟ್ ಹೆಚ್ಚಾಗಿ ಹಿಂದಕ್ಕೆ ಸರಿದುಕೊಳ್ಳುತ್ತದೆ. ಹೆದರಬೇಕಾದದ್ದು ಫರ್ಮ್‌ವೇರ್ ಅಪ್‌ಡೇಟಿಗೆ. ಆ ಚಿಪ್ಪಿನಲ್ಲಿ ಅರ್ಧ ಬರೆದು ನಿಂತರೆ ಮೊದಲ ಹೆಜ್ಜೆಯೇ ಇಲ್ಲ. ಕೆಲವು ಬೋರ್ಡ್‌ಗಳಲ್ಲಿ ಬದಲಿ ಪ್ರತಿ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಆಗುಂಬೆ ಕಡೆ ಮಳೆ ಹೊಡೆಯುವ ವಾರ ಅದನ್ನು ಮಾಡಲೇಬಾರದು ಅನ್ನುವುದು ನನ್ನ ಹಟ.

ಫರ್ಮ್‌ವೇರ್ ಸರಿಯಾಗಿ ಬದಲಾದರೂ ಒಂದು ನೀಲಿ ಪರದೆ ಎದುರಾಗಬಹುದು: ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳುತ್ತದೆ. ಟಿಪಿಎಂ ಎಂಬ ಚಿಪ್ ಯಂತ್ರ ಏಳುವ ಕ್ರಮವನ್ನು ಅಳೆದಿಟ್ಟುಕೊಂಡಿರುತ್ತದೆ, ಅದು ಬದಲಾಗಿದ್ದು ಕಂಡರೆ ಡಿಸ್ಕಿನ ಬೀಗ ತೆಗೆಯುವುದಿಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಾವು ಹೇಳದೆಯೇ ಬಿದ್ದಿರುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಫೋಟೊ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿದ್ದವರಿಗೆ ಸಾಮಾನ್ಯವಾಗಿ ಆ ಕೀ ಅಲ್ಲೇ ಸೇವ್ ಆಗಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಮಳೆ ಜೋರಾಗಿ ಸಿಗ್ನಲ್ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.