ವಾಂತಿಯ ಇಂಜೆಕ್ಷನ್ನಿಗೆ ಮೂರು ನಿಮಿಷ

ವಾಕರಿಕೆಯಿಂದ ಒದ್ದಾಡುತ್ತಿರುವವರಿಗೆ ಇಂಜೆಕ್ಷನ್ ತಕ್ಷಣ ಸಿಗಲಿ ಎಂದು ಮನೆಯವರು ಹಂಬಲಿಸುವುದು ಸಹಜ. ಆದರೂ ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್ ಔಷಧವನ್ನು ರಕ್ತನಾಳಕ್ಕೆ ನೇರವಾಗಿ ಕೊಡುವ ನರ್ಸ್ 10 ಮಿಲಿಗ್ರಾಂ ಮುಗಿಸಲು ಕನಿಷ್ಠ 3 ನಿಮಿಷ ತೆಗೆದುಕೊಳ್ಳಬೇಕೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಸೂಚಿಸಿದರು.

ರಕ್ತದಲ್ಲಿ ಬೆರೆತ ವಿಷವಸ್ತುಗಳನ್ನು ಗುರುತಿಸಿ ವಾಂತಿಗೆ ಪ್ರಚೋದನೆ ಕೊಡುವ ಜಾಗ ಮೆದುಳಿನ ನಾಲ್ಕನೆಯ ಕುಹರದ ತಳದಲ್ಲಿದ್ದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ಹಿಡಿಯುವ ಅಲ್ಲಿನ ಗ್ರಾಹಕಗಳನ್ನು ಈ ಔಷಧ ತಡೆಯುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲದೆ ಮೆದುಳಿನ ಒಳಕ್ಕೂ ದಾಟಿ, ಚಲನೆಯನ್ನು ನಿಯಂತ್ರಿಸುವ ಭಾಗಗಳಲ್ಲಿಯೂ ಡೋಪಮೈನಿಗೆ ಅಡ್ಡಬರುತ್ತದೆ. ಆಗ ಕೆಲವರಲ್ಲಿ, ಅದರಲ್ಲೂ ಮಕ್ಕಳಲ್ಲಿ ಮತ್ತು ಎಳೆಯ ವಯಸ್ಸಿನವರಲ್ಲಿ, ಕತ್ತು ತಿರುಚಿಕೊಂಡು ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ನೋಡಿದವರು ಇದನ್ನು ಫಿಟ್ಸ್ ಎಂದೇ ತಿಳಿಯುತ್ತಾರೆ. ಆದರೆ ರೋಗಿಗೆ ಪೂರ್ಣ ಎಚ್ಚರವಿರುತ್ತದೆ, ಮತ್ತು ಸರಿಯಾದ ಮರುಮದ್ದು ಬಿದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬಿಗಿತ ಸಡಿಲಗೊಳ್ಳುತ್ತದೆ. ಔಷಧ ರಭಸದಿಂದ ಒಳಹೋದಾಗ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆಯ ತೊಂದರೆ: ರೋಗಿಗೆ ಕೂರಲಾಗದು, ಮಲಗಲಾಗದು, ಎದ್ದು ಹೋಗಿಬಿಡಬೇಕೆನ್ನಿಸುವ ಚಡಪಡಿಕೆ. ಇದನ್ನು ರೋಗಿಯ ಹಟವೆಂದು ಬಗೆದು ಗದರಿಸುವುದು, ನನ್ನ ದೃಷ್ಟಿಯಲ್ಲಿ, ಅತ್ಯಂತ ನೋವಿನ ತಪ್ಪು.

ಸಿರಿಂಜ್ ಹಿಡಿಯುವ ಮೊದಲೇ ವಾಂತಿ ಏಕೆ ಆಗುತ್ತಿದೆ ಎಂಬ ಪ್ರಶ್ನೆ ಏಳಬೇಕು. ಹೊಟ್ಟೆ ಉಬ್ಬಿದ್ದು ಗಾಳಿಯೂ ಹೋಗುತ್ತಿಲ್ಲವೆಂದರೆ ಕರುಳು ಕಟ್ಟಿರಬಹುದು. ಜಠರ ಮತ್ತು ಕರುಳಿನ ಮೇಲ್ಭಾಗದ ಚಲನೆಯನ್ನು ಹೆಚ್ಚಿಸುವ ಈ ಔಷಧ ಅಂಥವರಿಗೆ ಅಪಾಯಕಾರಿಯಾದ್ದರಿಂದ, ಅದನ್ನು ಕೊಡದೆ ವೈದ್ಯರಿಗೆ ತಿಳಿಸಬೇಕು. ಪಾರ್ಕಿನ್ಸನ್ ಕಾಯಿಲೆ ಇರುವವರಿಗೂ ಇದು ಸಲ್ಲದು.

ಇಂದು ವಾರ್ಡುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, ವಾಂತಿ ತಡೆಯುವ ಇನ್ನೊಂದು ಔಷಧ ಒಂಡನ್ಸೆಟ್ರಾನ್ ಡೋಪಮೈನಿನ ಬದಲು ಸಿರೊಟೊನಿನ್ ಎಂಬ ಬೇರೊಂದು ಸಂದೇಶವಾಹಕದ ಗ್ರಾಹಕಗಳನ್ನು ತಡೆಯುವುದರಿಂದ ಇಂಥ ಬಿಗಿತ ಅದರಲ್ಲಿ ತೀರ ಅಪರೂಪ. ತಲೆನೋವು, ಮಲಬದ್ಧತೆಗಳ ಜೊತೆಗೆ ಅದರಲ್ಲಿ ಗಮನಿಸಬೇಕಾದದ್ದು ಹೃದಯದ ಲಯ. ರಕ್ತನಾಳದ ಮೂಲಕ ಒಮ್ಮೆಗೇ 32 ಮಿಲಿಗ್ರಾಂ ಕೊಡುವ ಕ್ರಮವನ್ನು ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಕೈಬಿಡಿಸಿದ್ದು ಈ ಕಾರಣಕ್ಕೇ. ಪೊಟ್ಯಾಸಿಯಂ ಕಡಿಮೆಯಿದ್ದರೆ ಲಯ ತಪ್ಪುವ ಅಪಾಯ ಹೆಚ್ಚು, ಮತ್ತು ದಿನಗಟ್ಟಲೆ ವಾಂತಿ ಮಾಡಿದವರಲ್ಲಿ ಕುಸಿದಿರುವುದು ಹಲವೊಮ್ಮೆ ಅದೇ ಪೊಟ್ಯಾಸಿಯಂ. ಆದ್ದರಿಂದ ಹೃದ್ರೋಗವುಳ್ಳವರಲ್ಲಿ ರಕ್ತಪರೀಕ್ಷೆಯ ವರದಿಯನ್ನೂ ಇಸಿಜಿಯನ್ನೂ ಮೊದಲು ನೋಡಿಕೊಳ್ಳುವುದು ಒಳಿತು.

ಇಂಜೆಕ್ಷನ್ ಮುಗಿದ ಮೇಲೆ, ಮಂಪರಿನಲ್ಲಿರುವ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಮಂಚದ ಕಂಬಿ ಏರಿಸಿ, ಕೊಟ್ಟ ಸಮಯವನ್ನು ಬರೆದಿಡಬೇಕು. ಅರ್ಧ ಗಂಟೆಯ ಬಳಿಕ ಮರಳಿ ಬಂದಾಗ, ವಾಂತಿ ನಿಂತಿದೆಯೇ ಎಂಬುದರ ಜೊತೆಗೆ, ಸುಮ್ಮನೆ ಮಲಗಿರಲು ಆಗುತ್ತಿದೆಯೇ ಎಂದೂ ಕೇಳಬೇಕು.