ಹೆಸರು ಅದೇ, ಒಳಗಿನ ಸರಕು ಬೇರೆ: ಹೆಡ್‌ಫೋನ್ ಬದಲಾದದ್ದನ್ನು ಗಿರಾಕಿಗೆ ತಿಳಿಸುವ ಬಗೆ

ಮದುವೆ ವಿಡಿಯೊ ಎಡಿಟ್ ಮಾಡುವ ಕೋಣೆಯೊಂದನ್ನು ತಗೊಳ್ಳಿ. ತುಮಕೂರಿನ ಅಶೋಕನಗರ, ಎಸ್.ಎಸ್. ಪುರಂ ಕಡೆ ಇಂಥವು ಬೇಕಾದಷ್ಟಿವೆ. ಎರಡು ಕಂಪ್ಯೂಟರು, ಎರಡು ಹೆಡ್‌ಫೋನು. ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್, ಕೊಂಡದ್ದು ಮಾತ್ರ ಎರಡು ವರ್ಷದ ಅಂತರದಲ್ಲಿ. ಗಟ್ಟಿಮೇಳದ ಜಾಗಕ್ಕೆ ಬಂದಾಗ ಒಬ್ಬರ ಕಿವಿಗೆ ಡೋಲು ಗುಮ್ಮೆನ್ನುತ್ತದೆ, ಇನ್ನೊಬ್ಬರಿಗೆ ತೆಳ್ಳಗೆ ಕೇಳುತ್ತದೆ. ಮೊದಲಿನವರು ಬೇಸ್ ಇಳಿಸುತ್ತಾರೆ, ಪಕ್ಕದವರು ಏರಿಸುತ್ತಾರೆ. ಒಂದೇ ಮದುವೆಯ ಮುಹೂರ್ತ ಒಂದು ಥರ, ಆರತಕ್ಷತೆ ಇನ್ನೊಂದು ಥರ ಕೇಳಿಸಿ, ಹುಡುಗಿಯ ಮನೆಯವರು ಪೆನ್‌ಡ್ರೈವ್ ವಾಪಸ್ ತರುತ್ತಾರೆ.

ಇದಕ್ಕೆ ಕಾರಣ ಮೂರಿರಬಹುದು. ಹಳೆಯದರ ಕುಶನ್ ಸವೆದಿರಬಹುದು. ಒಂದೇ ದಿನ ತಯಾರಾದ ಎರಡು ಪೀಸುಗಳ ನಡುವೆಯೂ ಒಂದೆರಡು ಡೆಸಿಬೆಲ್ ವ್ಯತ್ಯಾಸ ಇರುವುದುಂಟು, ಅದಿರಬಹುದು. ಇಲ್ಲವೇ ಕಂಪನಿ ಈ ಎರಡು ವರ್ಷದಲ್ಲಿ ಹೆಸರು ಬದಲಿಸದೆ ಒಳಗಿನ ಭಾಗ ಬದಲಿಸಿರಬಹುದು. ಮೊದಲನೆಯದನ್ನು ಕೈಯಲ್ಲೇ ಪರೀಕ್ಷಿಸಿ ನೋಡಬಹುದು. ಉಳಿದೆರಡರಲ್ಲಿ ಯಾವುದು ಎಂಬುದು ಕಂಪನಿ ಬಾಯಿಬಿಟ್ಟು ಹೇಳದ ಹೊರತು ಖಚಿತವಾಗುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: ‘ಅದೇ ಸರ್, ಸೇಮ್ ಪೀಸ್.’ ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಬಂದ ಇನ್‌ವಾಯ್ಸ್‌ನಲ್ಲಿ ಇರುವುದೂ ಅದೇ ಹೆಸರು.

ಬದಲಾಯಿಸುವುದಕ್ಕೆ ಯಾರ ತಕರಾರೂ ಇಲ್ಲ, ಅದಕ್ಕೆ ನ್ಯಾಯವಾದ ಕಾರಣಗಳಿರುತ್ತವೆ. ಡ್ರೈವರ್ (ಶಬ್ದ ಹೊರಡಿಸುವ ಪುಟ್ಟ ಸ್ಪೀಕರ್) ಹಿಂದೆ ಅಂಟಿಸುವ ತೆಳು ಫೆಲ್ಟ್ ಪೂರೈಸುತ್ತಿದ್ದವರು ಅದನ್ನು ನಿಲ್ಲಿಸುತ್ತಾರೆ. ಪ್ಲಾಸ್ಟಿಕ್ ಅಚ್ಚು ಸವೆಯುತ್ತದೆ. ಹೆಡ್‌ಬ್ಯಾಂಡ್ ಒಂದೇ ಜಾಗದಲ್ಲಿ ಸೀಳುತ್ತದೆ ಎಂದು ಸರ್ವಿಸ್ ಸೆಂಟರಿನಿಂದ ಮೇಲಿಂದ ಮೇಲೆ ದೂರು ಹೋಗುತ್ತದೆ. ಕಾನೂನೂ ಬದಲಾಗುತ್ತದೆ: ತಂತಿಯಿಂದ ಚಾರ್ಜ್ ಆಗುವ ಹೆಡ್‌ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಯುಎಸ್‌ಬಿ-ಸಿ ಕಡ್ಡಾಯವಾಯಿತು. ಕಂಪನಿಗಳು ಅಲ್ಲಿಗೊಂದು ಇಲ್ಲಿಗೊಂದು ಅಚ್ಚು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಬಿ.ಎಚ್. ರಸ್ತೆಯ ಅಂಗಡಿಗೂ ಅದೇ ಪೋರ್ಟ್ ಬಂತು.

ತಿಳಿಸುವ ರೀತಿಯಲ್ಲಿ ಎಲ್ಲಕ್ಕಿಂತ ನೇರವಾದದ್ದು ಹೆಸರನ್ನೇ ಬದಲಿಸುವುದು. ಆಡಿಯೊ-ಟೆಕ್ನಿಕಾ 2014ರಲ್ಲಿ ಎಂ50ಗೆ ಬಿಚ್ಚಿ ಹಾಕುವ ಕೇಬಲ್ ಕೊಟ್ಟಾಗ ಹೆಸರಿಗೆ ‘ಎಕ್ಸ್’ ಸೇರಿಸಿ ಎಂ50ಎಕ್ಸ್ ಎಂದಿತು. ಗ್ರಾಡೊ ತನ್ನ ಸಾಲಿಗೆ 2014ರಲ್ಲಿ ‘ಇ’, 2021ರಲ್ಲಿ ‘ಎಕ್ಸ್’ ಅಂಟಿಸಿತು. ಒಂದೇ ಒಂದು ಅಕ್ಷರ, ಅಷ್ಟೇ. ಆದರೆ ಆ ಅಕ್ಷರ ಬಿಲ್ಲಿನ ಮೇಲೆ ಬರುತ್ತದೆ, ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಕಣ್ಣಿಗೆ ಬೀಳುತ್ತದೆ, ಕುಶನ್ ಆರ್ಡರ್ ಮಾಡುವಾಗ ನೆರವಾಗುತ್ತದೆ.

ಹೆಸರು ಹಾಗೇ ಉಳಿಸಿ ಮಾಡೆಲ್ ನಂಬರ್ ಬದಲಿಸುವುದು ಇನ್ನೊಂದು ದಾರಿ. ಆಪಲ್‌ನ ಎರಡನೇ ತಲೆಮಾರಿನ ಏರ್‌ಪಾಡ್ಸ್ ಪ್ರೊ 2022ರಲ್ಲಿ ಲೈಟ್ನಿಂಗ್ ಪೋರ್ಟಿನ ಕೇಸ್‌ನೊಂದಿಗೆ ಬಂತು. 2023ರ ಸೆಪ್ಟೆಂಬರಿನಲ್ಲಿ ಅದೇ ಹೆಸರಲ್ಲಿ ಯುಎಸ್‌ಬಿ-ಸಿ ಕೇಸ್ ಬಂತು. ಪೋರ್ಟಿನ ಜೊತೆಗೆ ಇನ್ನೊಂದು ವ್ಯತ್ಯಾಸವೂ ಇತ್ತು: ಮೊದಲಿನದಕ್ಕೆ ಇದ್ದದ್ದು ಬೆವರು-ನೀರಿನ ಐಪಿಎಕ್ಸ್4 ರೇಟಿಂಗ್, ಹೊಸದಕ್ಕೆ ಧೂಳನ್ನೂ ತಡೆಯುವ ಐಪಿ54. ಶಿರಾ, ಪಾವಗಡದ ಬೇಸಿಗೆ ಧೂಳಿನಲ್ಲಿ ಓಡಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಮಾಡೆಲ್ ನಂಬರನ್ನು ಇಯರ್‌ಬಡ್ ಮೇಲೂ ಕೇಸ್ ಮೇಲೂ ಅಚ್ಚು ಹಾಕಿ, ಯಾವ ನಂಬರ್ ಯಾವ ತಲೆಮಾರು ಎಂಬ ಪಟ್ಟಿಯನ್ನು ಕಂಪನಿ ಪ್ರಕಟಿಸಿದೆ. ಪಟ್ಟಿ ಚೆನ್ನಾಗಿದೆ. ಅಕ್ಷರ ಮಾತ್ರ ಸಾಸಿವೆಗಿಂತ ಚಿಕ್ಕದು. ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ಹಿಗ್ಗಿಸಿಯೇ ಓದಬೇಕು.

ಏನೂ ಹೇಳದೆ ಬದಲಿಸುವುದು ಉಳಿದ ದಾರಿ, ಎಲ್ಲಕ್ಕಿಂತ ಹೆಚ್ಚು ನಡೆಯುವುದೂ ಇದೇ. ಬಾಕ್ಸ್ ಮೂಲೆಯಲ್ಲಿ ‘ಸ್ಪೆಸಿಫಿಕೇಶನ್ ಮುನ್ಸೂಚನೆ ಇಲ್ಲದೆ ಬದಲಾಗಬಹುದು’ ಎಂಬ ಒಂದು ಸಾಲು ಇರುತ್ತದೆ. ಗಿರಾಕಿಯ ಮಟ್ಟಿಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಹೈಫೈಮ್ಯಾನ್‌ನ ಎಚ್‌ಇ-400ಐ ನೋಡಿ: ಹಿಂದಿನ ಪೀಸುಗಳಲ್ಲಿ ಕಿವಿ ಮುಚ್ಚುವ ಬಟ್ಟಲಿಗೆ 2.5 ಮಿ.ಮೀ. ಸಾಕೆಟ್, ನಂತರದವುಗಳಲ್ಲಿ 3.5 ಮಿ.ಮೀ. ಹೆಸರೊಂದನ್ನೇ ನೋಡಿ ಕೇಬಲ್ ತರಿಸಿದವರಿಗೆ ಅದು ಕೂರುವುದಿಲ್ಲ. ಹೀಗಾಗಿ ಕೇಬಲ್ ಅಥವಾ ಕುಶನ್ ತರಿಸುವ ಮುನ್ನ ಸಾಕೆಟ್ಟಿನ ಫೋಟೊ, ಕುಶನ್ ಹಿಂಬದಿಯ ಕೊಂಡಿಗಳ ಫೋಟೊ ಮಾರುವವರಿಗೆ ಕಳಿಸಿ ಹೊಂದುತ್ತದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಬೇಕು.

ಈಗ ಕುಶನ್ ವಿಷಯವನ್ನು ಹತ್ತಿರದಿಂದ ನೋಡೋಣ. ಕಂಪನಿಗಳು ‘ಬರೀ ಮೆತ್ತೆ ತಾನೇ’ ಎಂದು ಹೇಳದೆ ಬಿಡುವುದೂ, ಶಬ್ದವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದೂ ಅದೇ. ಕುಶನ್ ಮಾಡುವ ಕೆಲಸ ಎರಡು. ಕಿವಿಗೂ ಡ್ರೈವರಿಗೂ ಇಷ್ಟೇ ದೂರ ಎಂದು ಹಿಡಿದಿಡುವುದು ಒಂದು, ಗಾಳಿ ಸೋರದಂತೆ ಕೆನ್ನೆಗೆ ಅಂಟುವುದು ಇನ್ನೊಂದು. ಮುಚ್ಚಿದ ಬಟ್ಟಲಿನ ಹೆಡ್‌ಫೋನ್‌ನಲ್ಲಿ ಸ್ವಲ್ಪ ಗಾಳಿ ಸೋರಿದರೂ ಮೊದಲು ಹೋಗುವುದು ಬೇಸ್. ಕನ್ನಡಕದ ಕಡ್ಡಿ ಅಡ್ಡ ಬಂದರೂ ಹೋಗುತ್ತದೆ. ರೆಕ್ಸಿನ್ ಬದಲು ಮಖಮಲ್ ಥರದ ಬಟ್ಟೆ ಹಾಕಿದರೆ ಬಟ್ಟೆಯ ನೂಲಿನ ಮೂಲಕವೇ ಗಾಳಿ ಆಡಿ ಡೋಲಿನ ತೂಕ ಇಳಿಯುತ್ತದೆ. ಸ್ಪಂಜು ಮೆದುವಾಗಿ ಎರಡು-ಮೂರು ಮಿ.ಮೀ. ಕುಸಿದರೆ ಕಿವಿ ಡ್ರೈವರಿಗೆ ಹತ್ತಿರವಾಗಿ ಮೇಲಿನ ಸ್ವರಗಳ ಸಮತೋಲ ಬದಲಾಗುತ್ತದೆ. ‘ಹೊಸದು, ಹೆಚ್ಚು ಆರಾಮದ ಕುಶನ್’ ಎಂದು ಪ್ರಕಟಣೆ ಕೊಡುವ ಕಂಪನಿ ‘ಇದರಿಂದ ಬೇಸ್ ಇಷ್ಟು ಬದಲಾಗುತ್ತದೆ’ ಎಂಬುದನ್ನೂ ಅದರ ಕೆಳಗೇ ಬರೆಯಬೇಕು. ಅಳತೆ ಅವರ ಬಳಿ ಇದ್ದೇ ಇರುತ್ತದೆ. ಅಳೆಯದೆ ಯಾರೂ ಕಾರ್ಖಾನೆಯಿಂದ ಮಾಲು ಹೊರಗೆ ಬಿಡುವುದಿಲ್ಲ.

ಎಡಿಟಿಂಗ್ ಕೋಣೆಯವರು ಇದನ್ನು ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು. ಎರಡೂ ಹೆಡ್‌ಫೋನನ್ನು ಒಂದೇ ಕಂಪ್ಯೂಟರಿಗೆ, ಒಂದೇ ಸಾಕೆಟ್ಟಿಗೆ ಸರದಿಯಲ್ಲಿ ಹಾಕಿ. ಈಕ್ವಲೈಜರ್ ಆಫ್ ಇರಲಿ. ಮೊದಲು ಶಬ್ದದ ಮಟ್ಟ ಹೊಂದಿಸಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ದಪ್ಪ ರಟ್ಟಿನಲ್ಲಿ ಮೊಬೈಲ್ ಮೈಕ್ ಕೂರುವಷ್ಟು ತೂತು ಕೊರೆದು, ರಟ್ಟಿನ ಮೇಲೆ ಬಟ್ಟಲನ್ನು ಕವುಚಿ, 1 ಕಿಲೊಹರ್ಟ್ಸ್ ಟೋನ್ ನುಡಿಸಿ, ಸೌಂಡ್ ಮೀಟರ್ ಆ್ಯಪ್‌ನಲ್ಲಿ ಎರಡಕ್ಕೂ ಒಂದೇ ಅಂಕಿ ಬರುವಂತೆ ವಾಲ್ಯೂಮ್ ಗುರುತು ಹಾಕಿಕೊಳ್ಳಿ. ಆ್ಯಪ್ ತೋರಿಸುವ ಅಂಕಿ ನಿಖರವಾಗಿ ಇರಬೇಕಿಲ್ಲ, ಎರಡಕ್ಕೂ ಒಂದೇ ಇದ್ದರೆ ಸಾಕು. ಆಮೇಲೆ ನಿಮಗೆ ಚೆನ್ನಾಗಿ ಪರಿಚಯವಿರುವ ಮೂವತ್ತು ಸೆಕೆಂಡಿನ ತುಣುಕು ಕೇಳಿ. ನಂತರ ಕುಶನ್‌ಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ. ವ್ಯತ್ಯಾಸ ಕುಶನ್ ಜೊತೆಗೇ ಅತ್ತಿಂದಿತ್ತ ಹೋದರೆ ಡ್ರೈವರ್ ತಪ್ಪಲ್ಲ, ಹೊಸ ಕುಶನ್ ಹಾಕಿದರೆ ಮುಗಿಯಿತು. ವ್ಯತ್ಯಾಸ ಬಟ್ಟಲಿನಲ್ಲೇ ಉಳಿದರೆ ಒಳಗೇನೋ ಬೇರೆಯಿದೆ.

ಒಳಗಿನದಕ್ಕೆ ತಂತಿಯ ಹೆಡ್‌ಫೋನ್‌ನಲ್ಲಿ ಮಲ್ಟಿಮೀಟರ್ ಸಾಕು. ಸಾಮಾನ್ಯ ಮೂರು ಭಾಗದ ಪಿನ್‌ನಲ್ಲಿ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಓಮ್ ರೇಂಜ್‌ನಲ್ಲಿಟ್ಟು ತುದಿ-ಬುಡ, ಉಂಗುರ-ಬುಡ ಅಳೆಯಿರಿ. ಎಡಬಲದ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು, ಬಾಕ್ಸ್ ಮೇಲಿನ ಇಂಪಿಡೆನ್ಸ್‌ಗೆ (ಓಮ್‌ನಲ್ಲಿ ಹೇಳುವ ವಿದ್ಯುತ್ ತಡೆ) ಹತ್ತಿರವೂ ಇರಬೇಕು. ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಇವು ಬೇರೆ ಬೇರೆ ಮಾದರಿಗಳು, ಪರಿಷ್ಕರಣೆಯಲ್ಲ. 250ರದ್ದನ್ನು ಬರೀ ಮೊಬೈಲಿಗೆ ಹಾಕಿದವರು ‘ಈ ಸಲದ ಮಾಲು ಸರಿಯಿಲ್ಲ, ಸೌಂಡೇ ಬರಲ್ಲ’ ಎನ್ನುವುದು ಸಾಮಾನ್ಯ. ಮೀಟರ್ ಇಟ್ಟರೆ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಒಂದು ಎಚ್ಚರಿಕೆ: ಬ್ಲೂಟೂತ್ ಹೆಡ್‌ಫೋನ್‌ನ ತಂತಿ ಸಾಕೆಟ್ಟಿಗೆ ಈ ಅಳತೆ ಹೊಂದುವುದಿಲ್ಲ, ನಡುವೆ ಸರ್ಕ್ಯೂಟ್ ಇರುತ್ತದೆ.

ಬ್ಲೂಟೂತ್‌ನಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ಪರಿಷ್ಕರಣೆ ಕೊಂಡ ಮೇಲೆ ನಿಮ್ಮ ಕೈಯಲ್ಲೇ ನಡೆಯುತ್ತದೆ. ಒಳ್ಳೆಯದೂ ಆಗುತ್ತದೆ: ಸೋನಿಯ ಡಬ್ಲ್ಯುಎಫ್-1000ಎಕ್ಸ್‌ಎಂ4 ಬಂದದ್ದು 2021ರಲ್ಲಿ, ಒಟ್ಟಿಗೆ ಎರಡು ಸಾಧನಕ್ಕೆ ಸೇರುವ ಸೌಲಭ್ಯ ಅದಕ್ಕೆ ಸಿಕ್ಕಿದ್ದು 2023ರ ಫರ್ಮ್‌ವೇರ್‌ನಲ್ಲಿ, ಅಂದರೆ ಹೆಡ್‌ಫೋನ್ ಒಳಗೇ ಇರುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿ. ತಕರಾರೂ ಏಳುತ್ತದೆ. 2019ರಲ್ಲಿ ಬೋಸ್ ಕ್ಯೂಸಿ35ಕ್ಕೆ 4.5.2 ಫರ್ಮ್‌ವೇರ್ ಬಂದ ಮೇಲೆ ಹೊರಗಿನ ಸದ್ದು ತಡೆಯುವ ಶಕ್ತಿ ಕುಂದಿದೆ ಎಂದು ಬಹಳ ಜನ ದೂರಿದರು. ಕಂಪನಿಯವರು ದೂರು ಕೊಟ್ಟ ಕೆಲವರ ಮನೆಗೇ ಹೋಗಿ ಪರೀಕ್ಷಿಸಿ, ಹಾಗೆ ಆಗಿಲ್ಲ ಎಂದು ವರದಿ ಪ್ರಕಟಿಸಿದರು. ಅಷ್ಟು ಶ್ರಮಪಟ್ಟದ್ದಕ್ಕೆ ಗೌರವ ಸಲ್ಲಬೇಕು. ಆದರೂ ಪ್ರತಿ ಫರ್ಮ್‌ವೇರ್ ಜೊತೆ ‘ಸದ್ದು ತಡೆಯುವ ಭಾಗ ಮುಟ್ಟಿಲ್ಲ’ ಅಥವಾ ‘ಮುಟ್ಟಿದ್ದೇವೆ, ಹೀಗೆ’ ಎಂದು ಮೊದಲೇ ಬರೆಯುವ ಪದ್ಧತಿ ಇದ್ದರೆ ಅನುಮಾನ ಬೆಳೆಯಲು ಜಾಗವೇ ಇರುವುದಿಲ್ಲ. ‘ಬಗ್ ಸರಿಪಡಿಸಲಾಗಿದೆ, ಸ್ಥಿರತೆ ಸುಧಾರಿಸಿದೆ’ ಎಂಬ ಸಿದ್ಧ ವಾಕ್ಯ ಯಾರಿಗೂ ಉಪಯೋಗವಿಲ್ಲ.

ಅಪ್‌ಡೇಟ್ ಒತ್ತುವ ಮುನ್ನ ಆ್ಯಪ್‌ನಲ್ಲಿ ಈಗಿನ ಆವೃತ್ತಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ ಹಿಂದಿನ ಆವೃತ್ತಿಗೆ ಮರಳುವ ದಾರಿ ಇಲ್ಲ. ಏರ್‌ಪಾಡ್ಸ್‌ನಲ್ಲಂತೂ ಅಪ್‌ಡೇಟ್ ತಾನಾಗಿಯೇ ಆಗುತ್ತದೆ. ಮರುದಿನ ರೆಕಾರ್ಡಿಂಗ್ ಅಥವಾ ಡೆಲಿವರಿ ಇದ್ದರೆ ಇಂದು ಅಪ್‌ಡೇಟ್ ಬೇಡ.

ಕಂಪನಿಗಳು ಬರೆಯಬೇಕಾದ ಪ್ರಕಟಣೆ ಉದ್ದವಿರಬೇಕಿಲ್ಲ. ಹೀಗಿದ್ದರೆ ಸಾಕು:

‘ಈ ಮಾಡೆಲ್‌ನಲ್ಲಿ ಈ ತಿಂಗಳಿಂದ, ಈ ಸೀರಿಯಲ್ ನಂಬರಿನಿಂದ ಮುಂದಕ್ಕೆ, ಕುಶನ್ 2 ಮಿ.ಮೀ. ದಪ್ಪವಾಗಿದೆ, ಹೊದಿಕೆ ಬದಲಾಗಿದೆ. ಕಾರಣ: ಹಳೆಯ ಹೊದಿಕೆ ಬೆವರಿಗೆ ಸುಲಿಯುತ್ತಿತ್ತು. ಶಬ್ದದಲ್ಲಿ ಆಗುವ ಬದಲಾವಣೆಯ ನಕ್ಷೆ ಜೊತೆಗಿದೆ. ಹಳೆಯ ಪೀಸಿಗೆ ಹೊಸ ಕುಶನ್ ಕೂರುತ್ತದೆ, ಆದರೆ ಶಬ್ದ ಬದಲಾಗುತ್ತದೆ. ಹಳೆಯ ಬಗೆಯ ಕುಶನ್ ಇನ್ನೂ ಎರಡು ವರ್ಷ ಸಿಗುತ್ತದೆ, ಪಾರ್ಟ್ ನಂಬರ್ ಇದು. ಬಾಕ್ಸ್ ಮೇಲಿನ ಗುರುತು: ವಿ2.’

ಇದರಲ್ಲಿ ಸೀರಿಯಲ್ ನಂಬರಿನ ಸಾಲು ಇಲ್ಲದಿದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ. ತಯಾರಾದ ತಿಂಗಳೊಂದನ್ನೇ ಹೇಳಿದರೆ ಸಾಲದು, ಏಕೆಂದರೆ ಹಳೆಯ ಮಾಲು ಗೋದಾಮಿನಲ್ಲಿ ಉಳಿದು, ಡಿಸ್ಟ್ರಿಬ್ಯೂಟರ್ ಕೈದಾಟಿ ತಿಪಟೂರು, ಮಧುಗಿರಿಯ ಅಂಗಡಿ ಮುಟ್ಟುವ ಹೊತ್ತಿಗೆ ಬೆಂಗಳೂರಿನಲ್ಲಿ ಹೊಸದು ಬಂದು ತಿಂಗಳುಗಳೇ ಆಗಿರುತ್ತವೆ. ಎರಡೂ ಬಗೆ ಒಂದೇ ಹೊತ್ತಿನಲ್ಲಿ, ಒಂದೇ ಬೆಲೆಗೆ ಕಪಾಟಿನಲ್ಲಿರುತ್ತವೆ. ಆನ್‌ಲೈನ್‌ನಲ್ಲಿ ಇನ್ನೂ ಕಷ್ಟ: ಹಳೆಯ ಮಾಲಿಗೆ ಜನ ಬರೆದ ವಿಮರ್ಶೆ, ನಕ್ಷತ್ರ ಎಲ್ಲವೂ ಅದೇ ಪುಟದಲ್ಲಿ ಹೊಸ ಮಾಲಿನ ತಲೆಗೆ ಕಟ್ಟಿಕೊಂಡಿರುತ್ತವೆ. ಹೊಸ ಹೆಡ್‌ಫೋನ್ ಕೊಳ್ಳುವಾಗ ಇತ್ತೀಚಿನ ಮೂರು-ನಾಲ್ಕು ತಿಂಗಳ ವಿಮರ್ಶೆಗಳನ್ನಷ್ಟೇ ಓದುವುದು ಒಳ್ಳೆಯದು.

ಅಂಗಡಿಯಲ್ಲಿ ಸೀಲ್ ಒಡೆಯುವ ಮುನ್ನವೇ ಗೊತ್ತಾಗುವ ವಿಷಯಗಳಿವೆ. ನಮ್ಮಲ್ಲಿ ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ತಿಂಗಳು-ವರ್ಷ, ಗರಿಷ್ಠ ಬೆಲೆ, ಗ್ರಾಹಕ ಸೇವೆಯ ಸಂಪರ್ಕ ಇರಬೇಕು ಎಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಆ ಸ್ಟಿಕರ್, ಬಾರ್‌ಕೋಡ್, ಸೀರಿಯಲ್ ನಂಬರ್ ಮೂರೂ ಬರುವಂತೆ ಒಂದು ಫೋಟೊ ತೆಗೆಯಿರಿ. ಸ್ಟಿಕರ್ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ನಕಲಿ ಮಾಲನ್ನು ‘ಹೊಸ ವರ್ಷನ್’ ಎಂದು ದಾಟಿಸುವವರಿದ್ದಾರೆ, ಅದು ಹಲವು ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಅಣ್ಣ, ಇದು ವಿ1ಆ ವಿ2ಆ?’ ಎಂದು ಕೇಳಿದರೆ ಅಂಗಡಿಯವರಿಗೂ ಡಿಸ್ಟ್ರಿಬ್ಯೂಟರನ್ನು ಕೇಳುವ ಅಭ್ಯಾಸವಾಗುತ್ತದೆ.

ಜಾಹೀರಾತಿನಲ್ಲಿ ಹೇಳಿದ ಸೌಲಭ್ಯ ಕೈಗೆ ಬಂದ ಪೀಸಿನಲ್ಲಿ ಇಲ್ಲದಿದ್ದರೆ ಮೊದಲು ಕಂಪನಿಗೆ ಇಮೇಲ್‌ನಲ್ಲಿ ಬರೆಯಬೇಕು, ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಕೊಂಡ ದಿನದ ಉತ್ಪನ್ನ ಪುಟದ ಸ್ಕ್ರೀನ್‌ಶಾಟ್ ಇದ್ದರೆ ವಾದ ಗಟ್ಟಿಯಾಗುತ್ತದೆ. ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಅದೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಬರೀ ‘ಶಬ್ದ ಹಿಂದಿನಂತಿಲ್ಲ’ ಎಂಬ ದೂರು ಅಲ್ಲಿ ನಿಲ್ಲುವುದು ಕಷ್ಟ. ‘ಐಪಿ54 ಎಂದಿದ್ದರು, ಬಂದದ್ದು ಐಪಿಎಕ್ಸ್4’ ಎಂಬಂಥದ್ದಕ್ಕೆ ಬಲವಿದೆ.

ಎಡಿಟಿಂಗ್ ಕೋಣೆಗೆ ಎರಡು ಹೆಡ್‌ಫೋನ್ ಬೇಕಿದ್ದರೆ ಒಂದೇ ದಿನ, ತಯಾರಾದ ತಿಂಗಳು ಒಂದೇ ಇರುವ, ಸೀರಿಯಲ್ ನಂಬರ್ ಆದಷ್ಟು ಹತ್ತಿರವಿರುವ ಎರಡು ಪೀಸ್ ಕೊಳ್ಳಿ. ಜೊತೆಗೇ ಎರಡು ಜೊತೆ ಕುಶನ್ ತೆಗೆದು ಗಾಳಿಯಾಡದ ಕವರಿನಲ್ಲಿಟ್ಟು, ಎರಡೂ ಹೆಡ್‌ಫೋನಿಗೆ ಒಟ್ಟಿಗೇ ಬದಲಿಸಿ. ಈಗಾಗಲೇ ಬೇರೆ ಬೇರೆ ಬಗೆಯವು ಇದ್ದರೆ ಒಂದಕ್ಕೆ ‘ಹಳೇದು’ ಎಂದು ಸ್ಟಿಕರ್ ಹಚ್ಚಿ ಟೈಮ್‌ಲೈನ್ ಜೋಡಿಸುವವರಿಗೆ ಕೊಡಿ, ಸೌಂಡ್ ಮಿಕ್ಸ್ ಪೂರ್ತಿ ಇನ್ನೊಂದರಲ್ಲೇ ಆಗಲಿ.